ಬೆರೆಸುವ ವಿದ್ಯೆಯೂ ಬೇರ್ಪಡಿಸುವ ವಿದ್ಯೆಯೂ

ಎಣ್ಣೆಯ ಹಣತೆಯ ಉರಿಯ ಮೇಲೆ ತಟ್ಟೆಯೊಂದನ್ನು ಕವುಚಿ ಹಿಡಿದರೆ ಅದರ ಮೈಗೆ ಮೆತ್ತನೆಯ ಕರಿಯು ಕೂಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಕರಿಯನ್ನು ಕೆರೆದು ಒಂದು ಲೋಟ ನೀರಿಗೆ ಉದುರಿಸಿದರೆ ಅದು ನೀರಿನೊಡನೆ ಬೆರೆಯಲೊಲ್ಲದು, ಮೇಲೆಯೇ ತೇಲುವುದು, ಕಡ್ಡಿಯಿಂದ ಕಲಕಿದರೆ ಗಂಟುಗಂಟಾಗಿ ಲೋಟದ ಅಂಚಿಗೆ ಹತ್ತಿಕೊಳ್ಳುವುದು. ಅದೇ ಕರಿಯನ್ನು ಗೋಂದಿನ ನೀರಿನೊಡನೆ ಕಲ್ಲಿನ ಮೇಲೆ ಚೆನ್ನಾಗಿ ಅರೆದು ಬಳಿಕ ನೀರಿಗೆ ಬಿಟ್ಟರೆ, ನೀರೆಲ್ಲವೂ ಕಪ್ಪಾಗಿ, ದಿನಗಟ್ಟಲೆ ತಳಕ್ಕಿಳಿಯದೆ ನಿಲ್ಲುವುದು. ಇದೇ ನಮ್ಮ ಹಿರಿಯರು ಬರೆಯುತ್ತಿದ್ದ ಮಸಿ.

ನೀರನ್ನೊಲ್ಲದ ಇಂಗಾಲವನ್ನು ಅಂಟಿನ ಸಹಾಯದಿಂದ ಒಲಿಸಿಕೊಳ್ಳುವ ಈ ಜಾಣ್ಮೆ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಶಾನುಭೋಗರೂ ಮಠದವರೂ ಲೆಕ್ಕಪತ್ರಗಳನ್ನಿರಿಸುತ್ತಿದ್ದ ಕಡತಗಳು ಎಂತಹವು? ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿದ ಪುಸ್ತಕಗಳವು. ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆಗಳನ್ನು ಕಡೆದು, ಹುಣಿಸೆಬೀಜದ ಅಂಟನ್ನು ಸೇರಿಸಿದ ಕಿಟ್ಟವನ್ನು ಅವುಗಳಿಗೆ ಮೆತ್ತಿ, ಅದರ ಮೇಲೆ ಬಣ್ಣವನ್ನು ಕೊಡುತ್ತಾರೆ. ಪುಡಿಯೊಂದನ್ನು ದ್ರವದಲ್ಲಿ ಗಂಟಾಗದಂತೆ ಹರಡಿ ನಿಲ್ಲಿಸುವುದು ಇವರೆಲ್ಲರ ಕೈಗೆ ತಿಳಿದಿದ್ದ ವಿದ್ಯೆ. ರಸಾಯನಶಾಸ್ತ್ರವು ಇದನ್ನು ಕಲಿಲವಿಜ್ಞಾನವೆಂದು ಕರೆಯುತ್ತದೆ.

ಇಂದು ಪ್ರಪಂಚದ ದೊಡ್ಡ ಪ್ರಯೋಗಶಾಲೆಗಳಲ್ಲಿ ಇದೇ ಸಮಸ್ಯೆ ಬೇರೊಂದು ವೇಷದಲ್ಲಿ ಎದ್ದುನಿಂತಿದೆ. ಕರಿಯ ಸ್ಥಾನದಲ್ಲಿ ಇಂಗಾಲದ ನ್ಯಾನೋನಳಿಗೆಗಳಿವೆ. ಗೋಂದಿನ ಸ್ಥಾನಕ್ಕೆ ಬಟ್ಟೆಗೆ ಹಾಕುವ ಬಣ್ಣಗಳೇ ಬಂದಿವೆ. ಈ ವಿಷಯವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಗಳು ತಿಳಿಯಬೇಕಾದುದು ಅವಶ್ಯವೆಂದೂ, ಬೆರೆಸುವುದನ್ನು ಕಲಿಯುವಾಗಲೇ ಬೇರ್ಪಡಿಸುವುದನ್ನೂ ಕಲಿಯದಿದ್ದರೆ ಆ ಕಲಿಕೆ ಅರ್ಧವೇ ಎಂದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

ನ್ಯಾನೋನಳಿಗೆ ಎಂದರೇನು? ಪೆನ್ಸಿಲಿನ ಸೀಸವೆಂದು ನಾವು ಕರೆಯುವ ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಡ್ಭುಜಗಳಾಗಿ ಹೆಣೆದುಕೊಂಡು ಹಾಳೆಹಾಳೆಯಾಗಿ ಕುಳಿತಿವೆ. ಅಂತಹ ಒಂದು ಹಾಳೆಯನ್ನು ಚಾಪೆಯಂತೆ ಸುರುಳಿಸುತ್ತಿ ಅಂಚಿಗೆ ಅಂಚು ಬೆಸೆದಂತೆ ಊಹಿಸಿಕೊಂಡರೆ ನಳಿಗೆಯ ರೂಪವು ಮನಸ್ಸಿಗೆ ಬರುವುದು. ಇಂತಹ ನಳಿಗೆಗಳ ಚಿತ್ರಗಳನ್ನು 1952ರಲ್ಲಿಯೇ ರಷ್ಯದ ರಾದುಶ್ಕೆವಿಚ್ ಮತ್ತು ಲುಕ್ಯಾನೋವಿಚ್ ಎಂಬವರು ಪ್ರಕಟಿಸಿದ್ದರೂ, ಜಗತ್ತಿನ ಗಮನ ಅವುಗಳ ಕಡೆಗೆ ತಿರುಗಿದ್ದು 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಅವರ ಲೇಖನದಿಂದ. ಒಂದೇ ಗೋಡೆಯುಳ್ಳ ನಳಿಗೆಗಳು 1993ರಲ್ಲಿ ದೊರೆತವು. ಅಂತಹ ನಳಿಗೆಯ ಅಡ್ಡಳತೆ ಸುಮಾರು ಒಂದು ನ್ಯಾನೋಮೀಟರು, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಉದ್ದವಾದರೋ ಅದರ ಸಾವಿರಾರು ಪಟ್ಟು. ಒಂದು ಗ್ರಾಂ ನಳಿಗೆಗಳನ್ನು ಒಂದೊಂದಾಗಿ ಬಿಡಿಸಿ ಹರಡಬಲ್ಲೆವಾದರೆ ಅವುಗಳ ಹೊರಮೈಯ ವಿಸ್ತಾರ 1300 ಚದರ ಮೀಟರುಗಳಷ್ಟಾಗುವುದೆಂದು ಲೆಕ್ಕ ಹಾಕಿದ್ದಾರೆ. ಇದು ಎಂಟು ವಾಲಿಬಾಲ್ ಅಂಕಣಗಳಿಗೆ ಸಮ! ತೂಕಕ್ಕೆ ಹೋಲಿಸಿದರೆ ಉಕ್ಕನ್ನು ಮೀರಿದ ಬಲ, ಕೆಲವಕ್ಕೆ ಲೋಹದಂತಹ ವಿದ್ಯುದ್ವಾಹಕತೆ, ಕೆಲವಕ್ಕೆ ಸಿಲಿಕಾನಿನಂತಹ ಅರೆವಾಹಕತೆ: ಇವೆಲ್ಲವೂ ಆ ನಳಿಗೆಗಳಲ್ಲಿ ಉಂಟು.

ಆದರೆ ಅವುಗಳನ್ನು ಒಂದೊಂದಾಗಿ ಬಿಡಿಸುವುದೇ ಕಷ್ಟ. ಪಕ್ಕಪಕ್ಕದಲ್ಲಿ ಬಿದ್ದ ಎರಡು ನಳಿಗೆಗಳು ಮೈಯುದ್ದಕ್ಕೂ ಒಂದನ್ನೊಂದು ಸೆಳೆಯುತ್ತವೆ. ಈ ಸೆಳೆತವನ್ನು ವ್ಯಾನ್‌ಡರ್‌ವಾಲ್ಸ್ ಬಲವೆಂದು ಕರೆಯುವರು. ಪರಮಾಣು ಪರಮಾಣುಗಳ ನಡುವೆ ಅದು ಅತ್ಯಲ್ಪವಾದರೂ ನಳಿಗೆಯುದ್ದಕ್ಕೂ ಕೂಡುತ್ತ ಹೋಗಿ ಬಲವಾದ ಹಿಡಿತವಾಗುವುದು. ಹನಿ ಕೂಡಿ ಹಳ್ಳವಾಗುವುದೆಂದರೆ ಇದೇ. ಹೀಗೆ ನಳಿಗೆಗಳು ಹಗ್ಗದಂತೆ ಹೊಸೆದುಕೊಂಡು, ಹಗ್ಗಗಳು ಸಿಕ್ಕುಸಿಕ್ಕಾಗಿ, ಕೊನೆಗೆ ನಮ್ಮ ಕೈಗೆ ಸಿಕ್ಕುವುದು ಒಂದು ಹಿಡಿ ಕಪ್ಪು ಮಸಿಯಂತಹ ಪುಡಿ ಮಾತ್ರ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರಕ್ಕೆ ಹೋದವರಿಗೆ ಈ ಕಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಕೂದಲಿನ ಉದ್ಯಮವಿದೆ. ಬಾಚಿದಾಗ ಉದುರಿದ ಕೂದಲಿನ ಉಂಡೆಗಳನ್ನು ತಂದು, ಹೆಣ್ಣುಮಕ್ಕಳು ಕುಳಿತು ಎಳೆಎಳೆಯಾಗಿ ಸಿಕ್ಕು ಬಿಡಿಸುತ್ತಾರೆ. ಆಮೇಲೆ ತೊಳೆದು ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಸಿಕ್ಕಾಗಿರುವಾಗ ಕಸವಾಗಿದ್ದುದು ಬಿಡಿಸಿದ ಮೇಲೆ ಬೆಲೆಯುಳ್ಳ ಸರಕಾಗುತ್ತದೆ. ಕೂದಲಿಗಿಂತ ಸುಮಾರು 80,000 ಪಟ್ಟು ಸಣ್ಣಗಿರುವ ಎಳೆಗಳ ಸಿಕ್ಕನ್ನು ಬಿಡಿಸುವುದು ಹೇಗೆ? ಅಲ್ಲಿ ಬೆರಳೂ ಸೂಜಿಯೂ ನಡೆಯವು.

ಮೊದಲು ಹೊಳೆದ ಉಪಾಯವೆಂದರೆ ನಳಿಗೆಗಳನ್ನು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಲ್ಲಿ ಕುದಿಸುವುದು. ಆಮ್ಲವು ಗೋಡೆಯನ್ನು ಅಲ್ಲಲ್ಲಿ ಕೊರೆದು, ನೀರನ್ನು ಪ್ರೀತಿಸುವ ಆಮ್ಲಜನಕದ ಗುಂಪುಗಳನ್ನು ಅಲ್ಲಿ ನೆಡುವುದು. ನಳಿಗೆಗಳು ನೀರಿಗೆ ಇಳಿಯುವುವು. ಆದರೆ ಗೋಡೆಯೇ ಒಡೆದ ಬಳಿಕ ಆ ಬಲವೆಲ್ಲಿ, ಆ ವಾಹಕತೆಯೆಲ್ಲಿ? ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಆಯಿತು. ಆದಕಾರಣ ನಳಿಗೆಯ ಮೈಯನ್ನು ಕೆಡಿಸದೆ, ಅದರ ಮೇಲೆ ಬೇರೊಂದು ಅಣುವನ್ನು ಕೂರಿಸಿ ನೀರಿಗಿಳಿಸುವ ದಾರಿಯನ್ನು ಹುಡುಕಿದರು. 2002ರಲ್ಲಿ ಸಾಬೂನಿನ ಜಾತಿಯ ಪದಾರ್ಥದಿಂದಲೂ, ಅದೇ ವರ್ಷ ಮಸಿಯ ಹಳೆಯ ಮಿತ್ರನಾದ ಅರಬ್ಬೀ ಗೋಂದಿನಿಂದಲೂ ಒಂಟಿ ನಳಿಗೆಗಳನ್ನು ನೀರಿನಲ್ಲಿ ನಿಲ್ಲಿಸಿ ತೋರಿಸಿದರು. ಆ ಗೋಂದು ಜಾಲಿಯ ಕುಲದ ಮರದ್ದು!

ಬಣ್ಣಗಳ ಸರದಿ ಬಂದದ್ದು ಅವುಗಳ ಆಕಾರದ ದೆಸೆಯಿಂದ. ಸಾವಯವ ಬಣ್ಣಗಳ ಅಣುಗಳಲ್ಲಿ ಅನೇಕವು ಚಪ್ಪಟೆಯಾಗಿವೆ. ಬೆಂಜೀನಿನ ಉಂಗುರಗಳನ್ನು ಸಾಲಾಗಿ ಜೋಡಿಸಿದಂತಿವೆ. ನಳಿಗೆಯ ಗೋಡೆಯೂ ಅಂತಹ ಉಂಗುರಗಳದೇ. ಇವೆರಡೂ ಎದುರಾದಾಗ ಉಂಗುರದ ಮೇಲೆ ಉಂಗುರ ಕುಳಿತು, ಎರಡರ ಇಲೆಕ್ಟ್ರಾನ್ ಮೋಡಗಳೂ ಒಂದಕ್ಕೊಂದು ಒಪ್ಪಿ ಅಂಟಿಕೊಳ್ಳುವುವು. ಬಣ್ಣದ ಅಣುವಿನ ಇನ್ನೊಂದು ಭಾಗದಲ್ಲಿ ಸಲ್ಫೊನೇಟಿನಂತಹ ಋಣವಿದ್ಯುತ್ತಿನ ಗುಂಪಿರುವುದು. ಅದು ನೀರಿನ ಕಡೆಗೆ ಮುಖ ಮಾಡಿ ನಿಲ್ಲುವುದು. ಹೀಗೆ ಮೈತುಂಬ ಋಣವಿದ್ಯುತ್ತನ್ನು ಹೊದ್ದ ನಳಿಗೆಗಳು ಒಂದನ್ನೊಂದು ತಳ್ಳುತ್ತ ದೂರದೂರ ನಿಲ್ಲುತ್ತವೆ. ಆದರೆ ಕಂತೆಯೊಳಕ್ಕೆ ಬಣ್ಣವು ನುಗ್ಗುವುದು ಹೇಗೆ? ಅದಕ್ಕಾಗಿ ಪಾತ್ರೆಗೆ ಶ್ರವಣಾತೀತ ಧ್ವನಿಯ ಕಂಪನವನ್ನು ಕೊಡುತ್ತಾರೆ. ಕಂಪನದಿಂದ ಕಂತೆಯ ತುದಿ ಒಂದಿಷ್ಟು ಸಡಿಲವಾದೊಡನೆ ಬಣ್ಣದ ಅಣುಗಳು ಬೆಣೆಯಂತೆ ಸಂದಿಗೆ ಇಳಿಯುವುವು. ಬಿಟ್ಟ ಬಾಯಿ ಮತ್ತೆ ಕೂಡದಂತೆ ತಡೆಯುವುವು. ಸೌದೆ ಸೀಳುವವನು ಮಾಡುವುದೂ ಇದನ್ನೇ. ಕೊನೆಗೆ ವೇಗವಾಗಿ ತಿರುಗುವ ಕೇಂದ್ರಾಪಗಾಮಿ ಯಂತ್ರದಲ್ಲಿ ಸುತ್ತಿಸಿದರೆ ಬಿಡಿಸಿಕೊಳ್ಳದ ಗಂಟುಗಳು ತಳ ಸೇರಿ, ಬಿಡಿ ನಳಿಗೆಗಳು ಮೇಲಿನ ನೀರಿನಲ್ಲಿ ಉಳಿಯುವುವು.

ಹೀಗೆ ಪರೀಕ್ಷಿಸಲ್ಪಟ್ಟ ಬಣ್ಣಗಳಲ್ಲಿ ಕಾಂಗೋ ಕೆಂಪು ಒಂದು. 1884ರ ಸುಮಾರಿಗೆ ಜರ್ಮನಿಯಲ್ಲಿ ಇದು ಬಂದಾಗ ಬಣ್ಣಗಾರರು ಬೆರಗಾದರು. ಏಕೆಂದರೆ ಪಟಿಕ ಮೊದಲಾದ ಹಿಡಿಪುಗಳ ನೆರವಿಲ್ಲದೆಯೇ ಅದು ಹತ್ತಿಯ ನೂಲಿಗೆ ನೇರವಾಗಿ ಹತ್ತುತ್ತಿತ್ತು. ಅದರ ಉದ್ದನೆಯ ಚಪ್ಪಟೆ ಅಣು ನೂಲಿನ ನಾರಿನ ಗುಂಟ ಮಲಗಬಲ್ಲುದು. ನೂಲಿನ ಗುಂಟ ಮಲಗಬಲ್ಲುದು ನಳಿಗೆಯ ಗುಂಟವೂ ಮಲಗಿತು; ನಳಿಗೆಗಳನ್ನು ನೀರಿಗಿಳಿಸಿತು. ಆದರೆ ಈ ಬಣ್ಣದ ಚರಿತ್ರೆಗೆ ಕರಿಯ ಅಂಚೊಂದಿದೆ. ಅದು ದೇಹದಲ್ಲಿ ಒಡೆದಾಗ ಬೆಂಜಿಡೀನ್ ಎಂಬ, ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗುವ ವಿಷವು ಹುಟ್ಟುತ್ತದೆ. 1990ರ ದಶಕದಲ್ಲಿ ಭಾರತ ಸರ್ಕಾರವು ಇಂತಹ ಅನೇಕ ಬಣ್ಣಗಳನ್ನು ನಿಷೇಧಿಸಿತು. ನೂಲಿಗೆ ಒಪ್ಪಿದ್ದು ಮನುಷ್ಯನಿಗೆ ಒಪ್ಪದೆಂದು ತಿಳಿಯಲು ನೂರು ವರ್ಷಗಳೇ ಬೇಕಾದವು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ರಾಜ್ಯವೂ ಈ ಶೋಧನೆಯಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸುಬಿ ಜಾರ್ಜ್ ಅವರೂ ಅವರ ಸಂಗಡಿಗರೂ ಕೊರೊನೀನ್ ಎಂಬ, ಏಳು ಉಂಗುರಗಳು ಹೂವಿನಂತೆ ಕೂಡಿದ ಚಪ್ಪಟೆ ಅಣುವನ್ನು ತೆಗೆದುಕೊಂಡು, ಅದರ ಅಂಚಿಗೆ ನಾಲ್ಕು ಆಮ್ಲಗುಂಪುಗಳನ್ನು ಸೇರಿಸಿದ ಲವಣದಿಂದ ಪ್ರಯೋಗ ನಡೆಸಿದರು. ಇದು ಬಟ್ಟೆಯ ಬಣ್ಣವಲ್ಲವಾದರೂ ಬೆಳಕನ್ನು ಹೀರಿ ಮಿನುಗುವ, ಬಣ್ಣಗಳ ದಾಯಾದಿ. 2010ರಲ್ಲಿ ಅವರು ಪ್ರಕಟಿಸಿದಂತೆ, ಈ ಲವಣವು ನೀರಿನಲ್ಲಿ ಕಂತೆಗಳನ್ನು ಬಿಡಿಸಿದ್ದೂ ಅಲ್ಲದೆ ಲೋಹಗುಣದ ನಳಿಗೆಗಳನ್ನು ತಳಕ್ಕಿಳಿಸಿ ಅರೆವಾಹಕ ನಳಿಗೆಗಳನ್ನು ಮೇಲೆ ಉಳಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರ ಕೃತಿಯ ಹಿರಿಮೆ ನೀರಿನಲ್ಲಿ ನಿಲ್ಲಿಸಿದುದರಲ್ಲಿ ಮಾತ್ರವಿಲ್ಲ. ಬೇಕಾದುದನ್ನು ಬೇಕಾದ ಹಾಗೆ ಕೆಳಗಿಳಿಸಿದುದರಲ್ಲಿಯೂ ಇದೆ. ಬೆರೆಸುವುದೂ ಬೇರ್ಪಡಿಸುವುದೂ ಒಂದೇ ಪಾತ್ರೆಯಲ್ಲಿ ನಡೆದವು.

ಈಗ ಶಾಲೆಯ ಪ್ರಯೋಗವೊಂದನ್ನು ನೋಡೋಣ. ಮೆಥಿಲೀನ್ ನೀಲಿಯ ಒಂದೆರಡು ತೊಟ್ಟನ್ನು ನೀರಿಗೆ ಹಾಕಿ, ಅದರಲ್ಲಿ ಚೆನ್ನಾಗಿ ಸುಟ್ಟ ಇದ್ದಿಲಿನ ಪುಡಿಯನ್ನು ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಸೋಸಿದರೆ ನೀಲಿಯು ತೆಳುವಾಗಿರುವುದು ಅಥವಾ ಮಾಯವಾಗಿರುವುದು. ಇಲ್ಲಿ ನಡೆದದ್ದೇನು? ಬಣ್ಣದ ಅಣು ಇಂಗಾಲದ ಮೈಮೇಲೆ ಕುಳಿತಿತು. ಮೇಲೆ ಹೇಳಿದ ನಳಿಗೆಯ ಪ್ರಯೋಗದಲ್ಲಿ ನಡೆದದ್ದೇನು? ಅಲ್ಲಿಯೂ ಬಣ್ಣದ ಅಣು ಇಂಗಾಲದ ಮೈಮೇಲೆಯೇ ಕುಳಿತಿತು. ಕ್ರಿಯೆ ಒಂದೇ, ಫಲ ಮಾತ್ರ ತದ್ವಿರುದ್ಧ. ಇದ್ದಿಲು ದಪ್ಪ, ಬಣ್ಣ ಸ್ವಲ್ಪ. ಆದುದರಿಂದ ಇದ್ದಿಲು ಬಣ್ಣವನ್ನು ಹೊತ್ತುಕೊಂಡು ತಳಕ್ಕಿಳಿಯಿತು. ನಳಿಗೆ ಅತಿ ಸೂಕ್ಷ್ಮ, ಬಣ್ಣ ಯಥೇಷ್ಟ. ಆದುದರಿಂದ ಬಣ್ಣವೇ ನಳಿಗೆಯನ್ನು ಹೊತ್ತುಕೊಂಡು ನೀರಿನಲ್ಲಿ ನಿಂತಿತು. ಯಾರು ಯಾರನ್ನು ಹೊರುವರೆಂಬುದು ಅಳತೆಯ ಮಾತು. ನನ್ನ ವಾದವೆಲ್ಲವೂ ಈ ಅಳತೆಯ ಮಾತಿನ ಮೇಲೆಯೇ ನಿಂತಿದೆ.

ನಳಿಗೆಗಳು ನೀರಿನಲ್ಲಿ ಕರಗಿದವು ಎಂದು ಕೆಲವರು ಬರೆಯುತ್ತಾರೆ. ಈ ಮಾತು ಸರಿಯಲ್ಲ. ಉಪ್ಪು ಕರಗುವುದು ಬೇರೆ, ಮಸಿ ಹರಡಿ ನಿಲ್ಲುವುದು ಬೇರೆ. ಹರಡಿ ನಿಂತದ್ದು ಒಂದು ದಿನ ತಳಕ್ಕಿಳಿಯಲೇಬೇಕು. ಎಲ್ಲಿ, ಯಾವಾಗ, ಯಾರ ಹೊಲದಲ್ಲಿ ಎಂಬುದಷ್ಟೇ ಪ್ರಶ್ನೆ. ಪ್ರಯೋಗಶಾಲೆಯ ಬಟ್ಟಿಯಿಳಿಸಿದ ನೀರಿನಲ್ಲಿ ತಿಂಗಳುಗಟ್ಟಲೆ ನಿಂತಿತೆಂಬುದನ್ನು ಸಾಧನೆಯೆಂದು ಬರೆಯುತ್ತೇವೆ. ಅದೇ ತಿಂಗಳಿನಲ್ಲಿ ಹೊಳೆಯ ನೀರು ಎಷ್ಟು ದೂರ ಹರಿಯುವುದೆಂದು ಯೋಚಿಸುವುದಿಲ್ಲ.

ಹೊಳೆಯ ನೀರಿನಲ್ಲಿ ಬಣ್ಣವೆಲ್ಲಿದೆ, ನಳಿಗೆಗಳು ಅಲ್ಲಿ ಹೇಗೆ ನಿಂತಾವು ಎಂದು ಕೇಳಬಹುದು. ಎಲೆ, ತೊಗಟೆ, ಬೇರುಗಳು ಕೊಳೆತು ನೀರಿಗಿಳಿಯುವ ಕಂದು ಪದಾರ್ಥಗಳು ಉಂಗುರಗಳುಳ್ಳ ಅಣುಗಳೇ. ಅಮೆರಿಕದ ಸುವಾನೀ ನದಿಯ ನೀರಿನಲ್ಲಿ ಬಹುಗೋಡೆಯ ನಳಿಗೆಗಳು ಒಂದು ತಿಂಗಳಿಗೂ ಮಿಕ್ಕಿ ಹರಡಿ ನಿಂತವೆಂದೂ, ಪ್ರಯೋಗಶಾಲೆಯ ಸಾಬೂನು ಜಾತಿಯ ದ್ರಾವಣಕ್ಕಿಂತಲೂ ಆ ನೀರೇ ಉತ್ತಮವಾಯಿತೆಂದೂ 2007ರಲ್ಲಿ ವರದಿಯಾಯಿತು. ಮರುವರ್ಷ ಟ್ಯಾನಿಕ್ ಆಮ್ಲಕ್ಕೂ ಇದೇ ಗುಣವಿರುವುದು ಪ್ರಕಟವಾಯಿತು. ತೊಗಲು ಹದಮಾಡುವ ತಂಗಡಿಯ ತೊಗಟೆಯಲ್ಲಿ, ಬಣ್ಣಗಾರರ ಅಳಲೆಕಾಯಿಯಲ್ಲಿ ಇರುವುದು ಈ ಟ್ಯಾನಿನ್ನುಗಳ ಬಳಗವೇ. ಅಂದಮೇಲೆ ನಮ್ಮ ಹಳ್ಳಕೊಳ್ಳಗಳಿಗೆ ನಳಿಗೆಗಳನ್ನು ಹೊತ್ತು ನಡೆಯುವ ಶಕ್ತಿ ಸ್ವಭಾವತಃ ಇರಬಹುದೆಂದು ಎಣಿಸುವುದೇ ವಿವೇಕ.

ನೀರು ಸೇರಿದರೇನಾಯಿತು? ಎಲ್ಲ ನಳಿಗೆಗಳೂ ಅಪಾಯಕರವೆಂದು ಹೇಳುವ ಧೈರ್ಯ ನನಗಿಲ್ಲ. ಹಾಗೆ ಹೇಳುವುದು ವಿಜ್ಞಾನವೂ ಅಲ್ಲ. ಆದರೆ 2008ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಉದ್ದವಾದ ನೆಟ್ಟನೆಯ ಬಹುಗೋಡೆಯ ನಳಿಗೆಗಳು ಹೊಟ್ಟೆಯ ಪೊರೆಯಲ್ಲಿ ಕಲ್ನಾರಿನ ಎಳೆಗಳಂತೆಯೇ ಉರಿಯೂತವನ್ನುಂಟುಮಾಡಿದವು. ಗಿಡ್ಡವಾಗಿ ಮುದುಡಿದವು ಹಾಗೆ ಮಾಡಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಹುಗೋಡೆಯ ನಳಿಗೆಗಳ ಒಂದು ಬಗೆಯನ್ನು, ಮನುಷ್ಯನಲ್ಲಿ ಕ್ಯಾನ್ಸರನ್ನುಂಟುಮಾಡುವ ಸಂಭವವಿದೆಯೆಂಬ ವರ್ಗಕ್ಕೆ ಸೇರಿಸಿತು. ಕಲ್ನಾರಿನ ವಿಷಯದಲ್ಲಿ ಜಗತ್ತು ತಡವಾಗಿ ಎಚ್ಚೆತ್ತಿತು. ಬೆಂಜಿಡೀನಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಮೂರನೆಯ ಸಲವೂ ತಡಮಾಡಿದರೆ ಅಜ್ಞಾನವೆಂಬ ನೆಪ ನಮಗೆ ಉಳಿಯದು.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಮೊದಲನೆಯದು: ಪ್ರಯೋಗಶಾಲೆಯ ಮಿಲಿಗ್ರಾಂ ಲೆಕ್ಕದ ಪದಾರ್ಥಕ್ಕೆ ಇಷ್ಟು ಭಯವೇಕೆ? ನಳಿಗೆಗಳು ಮಿಲಿಗ್ರಾಂ ಲೆಕ್ಕವನ್ನು ದಾಟಿ ಬಹುಕಾಲವಾಯಿತು. ವಿದ್ಯುತ್ ವಾಹನಗಳ ಬ್ಯಾಟರಿಗಳಿಗಾಗಿಯೇ ಅವು ಜಗತ್ತಿನಲ್ಲಿ ಸಾವಿರಾರು ಟನ್ನುಗಳಷ್ಟು ತಯಾರಾಗುತ್ತಿವೆ. ಎರಡನೆಯದು: ಇಂತಹ ಸಂದೇಹಗಳಿಂದ ಸಂಶೋಧನೆಗೆ ಅಡ್ಡಿಯಾಗದೇ? ಆಗದು. ಗಿಣಿಗೇರಿಯ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ಧೂಳಿನ ಮಾತನ್ನು ದಿನವೂ ಆಡುವ ಕೊಪ್ಪಳದ ಜನಕ್ಕೆ ಕಬ್ಬಿಣ ಬೇಡವಾಗಿಲ್ಲ. ಕಬ್ಬಿಣದೊಡನೆ ಧೂಳನ್ನು ಹಿಡಿಯುವ ಏರ್ಪಾಡೂ ಬೇಕೆಂಬುದೇ ಅವರ ಮಾತು. ನಳಿಗೆಯ ವಿಷಯದಲ್ಲಿಯೂ ಬೇಡಿಕೆ ಅಷ್ಟೇ. ನೀರಿನಲ್ಲಿ ಎಷ್ಟು ದಿನ ನಿಲ್ಲಿಸಿದೆವೆಂದು ಬರೆಯುವ ಪ್ರತಿಯೊಂದು ವರದಿಯೂ ಆ ನೀರಿನಿಂದ ಅದನ್ನು ಹೇಗೆ ಹಿಂದೆಗೆದೆವೆಂದು ಕೂಡ ಬರೆಯಬೇಕು.

ಇನ್ನೊಂದು ಸಲಹೆಯೂ ಆಗಾಗ ಕೇಳಿಬರುತ್ತದೆ. ನಳಿಗೆಗಳ ಮೈ ಅಷ್ಟು ವಿಶಾಲವಾಗಿರುವುದರಿಂದ, ಬಣ್ಣದ ಕೊಚ್ಚೆನೀರನ್ನು ಶುದ್ಧಮಾಡಲು ಅವುಗಳನ್ನೇ ಬಳಸಬಾರದೇಕೆ ಎಂದು. ಕುಷ್ಟಗಿ ತಾಲ್ಲೂಕಿನ ನೆರೆಯಲ್ಲಿಯೇ ಇಳಕಲ್ಲು ಇದೆ. ದೋಟಿಹಾಳದಂತಹ ಊರುಗಳಲ್ಲಿಯೂ ಮಗ್ಗಗಳ ಸದ್ದಿದೆ. ನೂಲಿಗೆ ಬಣ್ಣ ಹಾಕಿದ ಮೇಲೆ ಬಾನಿಯಲ್ಲಿ ಉಳಿದ ನೀರು ಎಲ್ಲಿಗೆ ಹೋಗಬೇಕೆಂಬುದು ನೇಯ್ಗೆಯ ಊರುಗಳೆಲ್ಲದರ ಪ್ರಶ್ನೆ. ಆದರೆ ಬಣ್ಣದ ನೀರಿಗೆ ನಳಿಗೆಗಳನ್ನು ಬಿಟ್ಟರೆ ಏನಾಗಬಹುದೆಂಬುದನ್ನು ಈಗಾಗಲೇ ಕಂಡೆವು: ನಳಿಗೆಯು ಬಣ್ಣವನ್ನು ಹಿಡಿಯುವ ಬದಲು ಬಣ್ಣವೇ ನಳಿಗೆಯನ್ನು ಹೊತ್ತುಕೊಂಡು ಹೊರಟೀತು. ಬಾವಿಯಿಂದ ಕೊಡವನ್ನೆತ್ತಲು ಹೋಗಿ ಹಗ್ಗವನ್ನೂ ಕಳೆದುಕೊಂಡಂತಾದೀತು. ಇಲ್ಲಿ ಬೇಕಾದುದು ತಳಕ್ಕಿಳಿಯುವ, ಸೋಸಿ ತೆಗೆಯಬಹುದಾದ ದಪ್ಪ ಇಂಗಾಲ. ಬಯಲಿನಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯ ಇದ್ದಿಲು, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ರಾಶಿ ಬೀಳುವ ಹೊಟ್ಟಿನ ಇದ್ದಿಲು ನಮ್ಮ ಕೈಗೆಟುಕುವ ಪದಾರ್ಥಗಳು. ಅವುಗಳನ್ನು ಹದಮಾಡಿ, ಅಳೆದು, ಯಾವುದು ಎಷ್ಟು ಬಣ್ಣವನ್ನು ಹೀರುತ್ತದೆಂದು ಪಟ್ಟಿ ಮಾಡುವುದು ಪದವಿ ವಿದ್ಯಾರ್ಥಿಗಳಿಂದಲೇ ಆಗಬಲ್ಲ ಕೆಲಸ. ಈ ಇದ್ದಿಲಿನಿಂದ ನಮ್ಮ ಕೊಳವೆಬಾವಿಗಳ ಫ್ಲೋರೈಡು ಹೋಗಿಬಿಡುವುದೆಂದು ಯಾರೂ ತಿಳಿಯಬಾರದು. ಅದಕ್ಕೆ ಬೇರೆ ಉಪಾಯಗಳೇ ಬೇಕು. ಒಂದು ರೋಗದ ಔಷಧವನ್ನು ಎಲ್ಲ ರೋಗಕ್ಕೂ ಕೊಡುವುದು ವೈದ್ಯವಲ್ಲ.

ಹಾಗಾದರೆ ನಾಲ್ಕು ಪಟ್ಟಣಗಳ ಕಾಲೇಜುಗಳು ಮಾಡಬೇಕಾದುದೇನು? ನಳಿಗೆಗಳನ್ನು ತರಿಸಬೇಕಾಗಿಲ್ಲ, ಕಾಂಗೋ ಕೆಂಪನ್ನು ಮುಟ್ಟಬೇಕಾಗಿಲ್ಲ. ಹಣತೆಯ ಕರಿಯೇ ಸಾಕು. ಅದನ್ನು ಒಣಗಿದ್ದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಟ್ಟಬೇಕು, ಆದಷ್ಟು ಬೇಗ ಒದ್ದೆ ಮಾಡಬೇಕು. ಗೋಂದಿನ ನೀರಿನಲ್ಲಿ ಅರೆದ ಕರಿ, ತಂಗಡಿಯ ತೊಗಟೆಯ ಕಷಾಯದಲ್ಲಿ ಅರೆದ ಕರಿ, ಬರಿಯ ನೀರಿನಲ್ಲಿ ಅರೆದ ಕರಿ ಎಂದು ಮೂರು ಬಗೆ ಮಾಡಿ, ಪ್ರತಿಯೊಂದನ್ನೂ ಮಳೆಯ ನೀರಿನಲ್ಲಿಯೂ ಯಲಬುರ್ಗಾದ ಕೊಳವೆಬಾವಿಯ ಗಡಸು ನೀರಿನಲ್ಲಿಯೂ ತುಂಗಭದ್ರೆಯ ಕಾಲುವೆಯ ನೀರಿನಲ್ಲಿಯೂ ನಿಲ್ಲಿಸಿ, ಎಷ್ಟು ದಿನಕ್ಕೆ ತಿಳಿಯಾಯಿತೆಂದು ಬರೆದಿಡಬೇಕು. ಬರಿಯ ವಿದ್ಯುತ್ತಿನ ತಳ್ಳಾಟದಿಂದ ನಿಂತ ಕಣಗಳನ್ನು ಗಡಸು ನೀರಿನ ಕ್ಯಾಲ್ಸಿಯಂ ಸುಲಭವಾಗಿ ಉರುಳಿಸುವುದೆಂದೂ, ಪಟಿಕದ ಅಲ್ಯುಮಿನಿಯಂ ಇನ್ನೂ ಸುಲಭವಾಗಿ ಉರುಳಿಸುವುದೆಂದೂ, ಗೋಂದಿನ ದಪ್ಪ ಹೊದಿಕೆಯುಳ್ಳವು ಹೆಚ್ಚು ಹಟ ಮಾಡುವುವೆಂದೂ ಶಾಸ್ತ್ರ ಹೇಳುತ್ತದೆ. ಶಾಸ್ತ್ರ ಹೇಳಿದಂತೆ ನಡೆಯಿತೇ ಎಂದು ಕಣ್ಣಾರೆ ನೋಡುವುದೇ ವಿದ್ಯೆ. ಎರೆಭೂಮಿಯ ಕೆರೆಯ ಬಗ್ಗಡ ನೀರಿಗೆ ಪಟಿಕದ ಹರಳನ್ನು ಆಡಿಸಿ ತಿಳಿಮಾಡಿದ ಅಜ್ಜಿಯರು ಈ ಪ್ರಯೋಗದ ದ್ವಿತೀಯಾರ್ಧವನ್ನು ನಮಗಿಂತ ಮೊದಲೇ ಮಾಡಿ ಮುಗಿಸಿದ್ದಾರೆ.

ಪ್ರಯೋಗ ಮುಗಿದ ಮೇಲೆ ಕಪ್ಪು ನೀರನ್ನು ತೊಟ್ಟಿಗೆ ಚೆಲ್ಲಬಾರದು. ಪಟಿಕ ಹಾಕಿ, ತಿಳಿಯಾದ ಮೇಲೆ ಸೋಸಿ, ಕರಿಯನ್ನು ಬೇರೆ ತೆಗೆದಿಡಬೇಕು. ಇದಕ್ಕೆ ಹತ್ತು ನಿಮಿಷಗಳ ಶ್ರಮವೂ ಹತ್ತು ರೂಪಾಯಿಯ ಪಟಿಕವೂ ಸಾಕು. ಇಂದು ಕರಿಯಿಂದ ಈ ಅಭ್ಯಾಸವನ್ನು ಪಡೆದ ವಿದ್ಯಾರ್ಥಿಗೆ ನಾಳೆ ಜಕ್ಕೂರಿನಲ್ಲಿಯೋ ಜಪಾನಿನಲ್ಲಿಯೋ ನಳಿಗೆಗಳನ್ನು ಕೈಯಲ್ಲಿ ಹಿಡಿಯುವ ಯೋಗ ಬರಬಹುದು. ಆಗ ಅವನಾಗಲಿ ಅವಳಾಗಲಿ ಪಾತ್ರೆಗೆ ಬಣ್ಣವನ್ನು ಸುರಿಯುವ ಮೊದಲೇ, ಕೆಲಸ ಮುಗಿದ ಮೇಲೆ ಇದನ್ನು ನೀರಿನಿಂದ ಹಿಂದಕ್ಕೆ ಪಡೆಯುವುದು ಹೇಗೆಂದು ಕೇಳಿಕೊಳ್ಳುವರು. ಆ ಪ್ರಶ್ನೆಯನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಹತ್ತಿಸುವುದು ಇಲ್ಲಿಯ ತರಗತಿಗಳಲ್ಲಿಯೇ ಆಗಬೇಕು.